ಸಹಿ ಹಾಕುವ ಮೊದಲು: ರಾಕ್ ಬ್ಯಾಂಡ್ ಗೆಳೆಯರಿಗೆ ಉತ್ತರ

ಕಾರವಾರದ ಓದುಗರೊಬ್ಬರ ಪತ್ರ: “ನಮ್ಮದು ನಾಲ್ವರ ರಾಕ್ ಬ್ಯಾಂಡ್. ಆರು ಸ್ವಂತ ಕನ್ನಡ ಹಾಡುಗಳಿವೆ, ರೆಕಾರ್ಡಿಂಗ್ ಖರ್ಚು ನಮ್ಮದೇ. ಕಂಪನಿಯೊಂದು ಒಂದೇ ಗಂಟಿನಲ್ಲಿ 40 ಸಾವಿರ ಕೊಟ್ಟು ಎಲ್ಲ ಹಕ್ಕು ಬರೆದುಕೊಡಿ ಎನ್ನುತ್ತಿದೆ. ಕೊಡಬಹುದೇ? ಬೆಂಗಳೂರಿಗೆ ಹೋಗದೆ ಇದರಲ್ಲೇ ಹೊಟ್ಟೆ ಹೊರೆಯಲಾದೀತೇ?”

ಉತ್ತರ: ಸಹಿ ಈಗಲೇ ಬೇಡ. ಒಂದು ಹಾಡಿನಲ್ಲಿ ಸಾಹಿತ್ಯ–ಸಂಗೀತದ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಮೊದಲನೆಯದು ಬರೆದವರು, ರಾಗ ಹಾಕಿದವರದು. ಅವರ ಕಾಲಾನಂತರವೂ 60 ವರ್ಷ ಇರುತ್ತದೆ. ಎರಡನೆಯದು ಸಾಮಾನ್ಯವಾಗಿ ರೆಕಾರ್ಡಿಂಗ್‌ಗೆ ದುಡ್ಡು ಹಾಕಿದವರದು. ಅಂದರೆ ಎರಡೂ ಈಗ ನಿಮ್ಮ ಕೈಯಲ್ಲೇ ಇವೆ. ಮಾರುವ ಬದಲು ಧ್ವನಿಮುದ್ರಣವನ್ನಷ್ಟೇ ಮೂರು ವರ್ಷಕ್ಕೆ ಲೈಸೆನ್ಸ್ ಕೊಡುತ್ತೇವೆ ಎಂದು ಕೇಳಿ ನೋಡಿ. ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ, ಹಕ್ಕು ವರ್ಗಾವಣೆಯ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಕಂಪನಿಯ ವಕೀಲರು ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಸೇರಿಸಲು ಮರೆಯದಿರುವುದು ಇದಕ್ಕೇ. ಬರೆದವರ, ಸಂಯೋಜಕರ ರಾಯಲ್ಟಿ ಪಾಲನ್ನು ಮಾತ್ರ 2012ರ ತಿದ್ದುಪಡಿಯ ನಂತರ ಯಾವ ಕರಾರೂ ಕಿತ್ತುಕೊಳ್ಳುವಂತಿಲ್ಲ. ಆದರೆ ಆ ಪಾಲು ಮನೆ ಹುಡುಕಿಕೊಂಡು ಬರುವುದಿಲ್ಲ. ಈ ರಾಯಲ್ಟಿಯನ್ನು ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಿ ಹಾಡುಗಳನ್ನು ಅಲ್ಲಿ ನೋಂದಾಯಿಸಬೇಕು.

ಅದಕ್ಕೂ ಮುಂಚೆ ನಿಮ್ಮ ನಾಲ್ವರೊಳಗಿನ ಲೆಕ್ಕ. ಪ್ರತಿ ಹಾಡಿಗೆ ಒಂದು ಹಾಳೆ: ಸಾಹಿತ್ಯ ಯಾರದು, ಟ್ಯೂನ್ ಯಾರದು, ಯಾರಿಗೆ ಶೇಕಡಾ ಎಷ್ಟು, ತಾರೀಖು, ನಾಲ್ಕು ಸಹಿ. ಬ್ಯಾಂಡಿನ ಹೆಸರು ಯಾರದು, ಬಿಟ್ಟುಹೋದವರಿಗೆ ಏನು ಎಂಬುದನ್ನೂ ಬರೆಯಿರಿ. ಸ್ನೇಹದಲ್ಲಿ ಕಾಗದವೇಕೆ ಎನ್ನಬೇಡಿ. ಬೇಸ್ ಗಿಟಾರಿನವರು ಕೆಲಸ ಸಿಕ್ಕಿ ದುಬೈಗೆ ಹೊರಟ ಮೇಲೆ ಈ ಮಾತು ಎತ್ತಿದರೆ ಅದು ಜಗಳವಾಗಿಯೇ ಶುರುವಾಗುತ್ತದೆ.

ಬಿಡುಗಡೆಗೆ ಕಂಪನಿಯೇ ಬೇಕೆಂದಿಲ್ಲ. ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಕರ ಮೂಲಕ ನೀವೇ ಹಾಕಬಹುದು. ತಾರೀಖಿಗೆ ನಾಲ್ಕು ವಾರ ಮೊದಲೇ ಅಪ್‌ಲೋಡ್ ಮಾಡಿ. ಪ್ಲೇಲಿಸ್ಟ್ ಆರಿಸುವ ಸ್ಪಾಟಿಫೈ ಸಂಪಾದಕರ ಮುಂದೆ ಹಾಡು ಇಡಲು ಕನಿಷ್ಠ 7 ದಿನ ಬೇಕು. ಪ್ರತಿ ಧ್ವನಿಮುದ್ರಣಕ್ಕೆ ಸಿಗುವ ಐಎಸ್‌ಆರ್‌ಸಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ವಿತರಕರನ್ನು ಬದಲಿಸುವಾಗ ಹೊಸ ಸಂಖ್ಯೆ ಕೊಟ್ಟರೆ ಹಳೆಯ ಕೇಳುಗರ ಎಣಿಕೆ ಕೈಬಿಟ್ಟುಹೋಗುವ ಅಪಾಯವಿದೆ. ಹಾಡಿಲ್ಲದ, ಬರೀ ವಾದ್ಯದ ಮಿಕ್ಸ್ ಕೂಡ ಅಂದೇ ತೆಗೆದಿಡಿ. ಜಾಹೀರಾತು, ಸಿನಿಮಾದವರು ಮೊದಲು ಕೇಳುವುದು ಅದನ್ನೇ.

ಆದರೆ ಸ್ಟ್ರೀಮಿಂಗ್ ನಂಬಿ ಕೆಲಸ ಬಿಡಬೇಡಿ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ ಸಾವಿರ ಬಾರಿ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ಕೊಡುವುದಿಲ್ಲ. ದುಡ್ಡು ಬರುವುದು ವೇದಿಕೆಯಿಂದ, ಪಾಠದಿಂದ. 1996ರಲ್ಲಿ ಶುರುವಾದ ಬೆಂಗಳೂರಿನ ರಾಕ್ ಬ್ಯಾಂಡ್ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್‌ನವರೂ ಸಂಗೀತ ಶಾಲೆ ಕಟ್ಟಿದವರೇ.

ಬೆಂಗಳೂರಿನಲ್ಲಿ ಮನೆ ಮಾಡುವ ಅಗತ್ಯ ಕಾಣುವುದಿಲ್ಲ. ಸಂಜೆ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಒಂದೇ ವಾರಾಂತ್ಯಕ್ಕೆ ಎರಡು ಕಾರ್ಯಕ್ರಮ ಹೊಂದಿಸಿಕೊಳ್ಳದೆ ಮಾತ್ರ ಹೊರಡಬೇಡಿ, ಖರ್ಚು ಹುಟ್ಟುವುದಿಲ್ಲ. ಕಾಳಿ ಸೇತುವೆ ದಾಟಿದರೆ ಗೋವಾ ಗಡಿ, ಈಚೆಗೆ ಗೋಕರ್ಣ. ಕಾರವಾರದವರಿಗೆ ಇರುವ ಈ ಅನುಕೂಲ ಬೆಂಗಳೂರಿನ ಬ್ಯಾಂಡುಗಳಿಗಿಲ್ಲ. ಯಕ್ಷಗಾನ ಮೇಳಗಳ ತಿರುಗಾಟದ ಹಾಗೆ ನಿಮ್ಮ ಸೀಸನ್ನೂ ಮಳೆ ನಿಂತ ಮೇಲಿನದು, ರೆಕಾರ್ಡಿಂಗನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ನಿಷಿದ್ಧ. ಆಯೋಜಕರು ‘ಎಂಟಕ್ಕೆ ಶುರು’ ಎಂದರೆ ಒಂಬತ್ತೂವರೆ ಎಂದೇ ತಿಳಿದು ಅರ್ಧ ತಾಸಿನ ಪಟ್ಟಿಯೊಂದನ್ನು ಸಿದ್ಧವಿಡಿ. ಅರ್ಧ ಹಣ ಮುಂಗಡ.

ಇನ್ನೊಂದು, ನೀವು ಕೇಳದ್ದು. ಗಿಟಾರ್ ಹಿಡಿದು ಮೈಕಿಗೆ ಬಾಯಿ ತಾಗಿದಾಗ ತುಟಿಗೆ ಶಾಕ್ ಹೊಡೆದರೆ ಅಲ್ಲಿಗೇ ನಿಲ್ಲಿಸಿ. ಆಂಪ್ಲಿಫೈಯರ್ ಜನರೇಟರಿನಿಂದ, ಮಿಕ್ಸರ್ ಹೆಸ್ಕಾಂ ಲೈನಿನಿಂದ ಕರೆಂಟ್ ಪಡೆದಿರಬಹುದು, ಅಥವಾ ಒಂದಕ್ಕೆ ಅರ್ಥಿಂಗ್ ಇಲ್ಲದಿರಬಹುದು. ಗಿಟಾರಿನ ತಂತಿ ಒಂದು ಕಡೆಗೆ, ಮೈಕಿನ ಜಾಲರಿ ಇನ್ನೊಂದು ಕಡೆಗೆ ಸೇರಿದ್ದರಿಂದ ನಡುವಿನ ದಾರಿ ನಿಮ್ಮ ಮೈ. ಎರಡನ್ನೂ ಒಂದೇ ಬೋರ್ಡಿಗೆ ಕೊಡಿಸಿ, ಎಲೆಕ್ಟ್ರಿಷಿಯನ್ ಅರ್ಥಿಂಗ್ ಪರೀಕ್ಷಿಸುವವರೆಗೆ ತಂತಿ ಮುಟ್ಟಬೇಡಿ. ಗುಂಯ್‌ಗುಡುವ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೇ (ಅರ್ಥಿಂಗ್) ಪಿನ್ ಕೀಳುವವರಿದ್ದಾರೆ. ಅಂಥವರನ್ನು ವೇದಿಕೆಯ ಹತ್ತಿರ ಬಿಡಬೇಡಿ. ಸದ್ದಿಗೆ, ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯಾದ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಇದೆ.

– ಸಂಪಾದಕ