ವೈದ್ಯಕೀಯ ನಿರ್ಲಕ್ಷ್ಯದ ದೂರಿಗೆ ತಜ್ಞ ವೈದ್ಯರ ಅಭಿಪ್ರಾಯ ಬೇಕೇ?

ಶಿರಸಿಯ ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟು ಮಾಡಿಸಿದ ಶಸ್ತ್ರಚಿಕಿತ್ಸೆಯ ಬಗ್ಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ತಜ್ಞರ ಅಭಿಪ್ರಾಯ ಕಡ್ಡಾಯವೇ ಎಂದು ಕೇಳಿದ್ದೀರಿ. ಕಡ್ಡಾಯವಲ್ಲ. ಹೊಟ್ಟೆಯೊಳಗೆ ಬಟ್ಟೆ ಉಳಿದಂಥ ಎದ್ದು ಕಾಣುವ ತಪ್ಪಿಗೆ ಅದಿಲ್ಲದೆಯೂ ನಡೆಯುತ್ತದೆ. ಎಲ್ಲ ಪ್ರಕರಣಕ್ಕೂ ತಜ್ಞರು ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಉಳಿದ ಕಡೆ ತಜ್ಞರಿಲ್ಲದೆ ಗೆಲ್ಲುವುದು ಬಹಳ ಕಷ್ಟ.

ಮೊದಲು ದಾಖಲೆ. ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಕೊಟ್ಟ 72 ಗಂಟೆಯೊಳಗೆ ಅವರು ದಾಖಲೆ ಕೊಡಬೇಕೆಂಬ ನಿಯಮವಿದೆ. ಡಿಸ್ಚಾರ್ಜ್ ಸಮರಿ ಒಂದೇ ಸಾಲದು. ಕೇಸ್ ಶೀಟ್, ಆಪರೇಷನ್ ಮತ್ತು ಅರಿವಳಿಕೆ ಟಿಪ್ಪಣಿ, ನರ್ಸ್‌ಗಳ ಚಾರ್ಟ್, ಒಪ್ಪಿಗೆ ಪತ್ರ, ಸ್ಕ್ಯಾನ್ ಫಿಲಂ ಎಲ್ಲ ಬೇಕು.

ತಜ್ಞರು ಅದೇ ವಿಭಾಗದವರಾಗಿರಲಿ. ಊರಿನ ವೈದ್ಯರು ದಾಕ್ಷಿಣ್ಯಕ್ಕೆ ಹಿಂಜರಿಯಬಹುದು. ಹುಬ್ಬಳ್ಳಿ, ಮಣಿಪಾಲದ ಕಡೆ ವಿಚಾರಿಸಿ. ಯಾರೂ ಒಪ್ಪದಿದ್ದರೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ತಜ್ಞರಿಗೆ ದಾಖಲೆ ಕಳಿಸುವಂತೆ ಆಯೋಗಕ್ಕೇ ಅರ್ಜಿ ಹಾಕಿ.

ತಜ್ಞರನ್ನು ‘ತಪ್ಪಾಗಿದೆಯೇ’ ಎಂದಷ್ಟೇ ಕೇಳಬೇಡಿ. ಆ ಸ್ಥಿತಿಯಲ್ಲಿ ಸಾಧಾರಣ ಕೌಶಲದ ವೈದ್ಯರು ಏನು ಮಾಡಬೇಕಿತ್ತು, ಇಲ್ಲಿ ಏನು ಬಿಟ್ಟುಹೋಯಿತು, ಈ ಹಾನಿ ಅದರಿಂದಲೇ ಆಯಿತೇ ಎಂದು ಬಿಡಿಸಿ ಕೇಳಿ. ಕೊನೆಯದಕ್ಕೆ ಉತ್ತರವಿಲ್ಲದ ದೂರು ನಿಲ್ಲುವುದಿಲ್ಲ. ಗಾಯಕ್ಕೆ ಸೋಂಕು ತಗುಲಿದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗದು. ಅಭಿಪ್ರಾಯವನ್ನು ಬರೀ ಪತ್ರವಾಗಿ ಅಲ್ಲ, ತಜ್ಞರ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಸಲ್ಲಿಸಿ. ಎದುರು ಪಕ್ಷದವರು ಅವರಿಗೆ ಲಿಖಿತ ಪ್ರಶ್ನೆ ಹಾಕಬಹುದು.

ದೂರಿಗೆ ಇರುವುದು 2 ವರ್ಷ. ತಜ್ಞರಿಗಾಗಿ ಕಾಯುತ್ತ ಅವಧಿ ಕಳೆಯಬೇಡಿ, ಅಭಿಪ್ರಾಯವನ್ನು ಸಾಕ್ಷ್ಯದ ಹಂತದಲ್ಲೂ ಕೊಡಬಹುದು.