ಕ್ಯಾಪ್ಟನ್ ಕಿವಿಗೊಡದಿದ್ದರೆ ಸಹ ಪೈಲಟ್ ಏನು ಮಾಡಬೇಕು?

ಪ್ರಶ್ನೆ: ನಾನು ಬದಿಯಡ್ಕದವನು, ಸಹ ಪೈಲಟ್ ಆಗಿ ಎಂಟು ತಿಂಗಳಾಯಿತು. ಒಬ್ಬ ಹಿರಿಯ ಕ್ಯಾಪ್ಟನ್ ನಾನು ಚೆಕ್‌ಲಿಸ್ಟ್ ಓದುವಾಗ ಅರ್ಧಕ್ಕೇ ತಡೆಯುತ್ತಾರೆ. ವೇಗ ಹೆಚ್ಚಾಯಿತೆಂದರೆ ‘ನನಗೂ ಕಣ್ಣಿದೆ’ ಎಂದು ಗದರುತ್ತಾರೆ. ಹಿರಿಯರಿಗೆ ಎದುರಾಡಬಾರದೆಂದು ಕಲಿತು ಬೆಳೆದವನು ನಾನು. ಈಗೀಗ ಅವರೊಡನೆ ಮಾತನ್ನೇ ಕಡಿಮೆ ಮಾಡಿದ್ದೇನೆ. ಏನು ಮಾಡಲಿ?

ಉತ್ತರ: ಅವರ ಗದರಿಕೆಗಿಂತ ನಿಮ್ಮ ಕೊನೆಯ ಮಾತೇ ನನಗೆ ಹೆಚ್ಚು ಕಳವಳ ತಂದಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ತೀರಿಕೊಂಡಾಗ ಕಾಸರಗೋಡಿನ ಎಷ್ಟು ಮನೆಗಳು ಕತ್ತಲಾದವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’, ಅಂದರೆ ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಿ, ಎಂದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲವೆಂದು ತನಿಖಾ ವರದಿ ಹೇಳುತ್ತದೆ. ಸಹ ಪೈಲಟ್ ತಾವೇ ನಿಯಂತ್ರಣ ತೆಗೆದುಕೊಳ್ಳದೆ ಇದ್ದುದಕ್ಕೆ ನಿಯಮಗಳಲ್ಲಿದ್ದ ಅಸ್ಪಷ್ಟತೆ ಕಾರಣವಾಗಿರಬಹುದೆಂದೂ ಅದರಲ್ಲಿದೆ. ಆದ್ದರಿಂದ ಸಹ ಪೈಲಟ್ ಯಾವ ಹಂತದಲ್ಲಿ ನಿಯಂತ್ರಣ ತೆಗೆದುಕೊಳ್ಳಬೇಕೆಂದು ನಿಮ್ಮ ಸಂಸ್ಥೆಯ ಕೈಪಿಡಿ ಹೇಳುತ್ತದೆಯೋ ಆ ಪುಟವನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಿ.

‘ಸರ್, ಸ್ವಲ್ಪ ಜಾಸ್ತಿ ಆಯಿತೇನೋ’ ಎಂಬ ಮಾತನ್ನು ಗದರಿ ಸುಮ್ಮನಾಗಿಸುವುದು ಸುಲಭ. ‘ಸ್ಪೀಡ್, ಪ್ಲಸ್ 15’ (ಇರಬೇಕಾದ ವೇಗಕ್ಕಿಂತ 15 ನಾಟ್ ಹೆಚ್ಚು) ಎಂದು ಅಂಕಿಯನ್ನೇ ಹೇಳಿದರೆ ಅದರಲ್ಲಿ ಕಿರಿಯರೂ ಇಲ್ಲ, ಹಿರಿಯರೂ ಇಲ್ಲ. ಅದು ಎದುರುತ್ತರವೂ ಅಲ್ಲ, ಆ ಸೀಟಿನಲ್ಲಿ ಕುಳಿತವರ ಕರ್ತವ್ಯ. ಉತ್ತರ ಬಾರದಿದ್ದರೆ ಇನ್ನೊಮ್ಮೆ, ದನಿ ಏರಿಸಿ ಹೇಳಿ. ಚೆಕ್‌ಲಿಸ್ಟ್ ಅರ್ಧಕ್ಕೆ ನಿಂತರೆ ಮೊದಲಿನಿಂದ ಓದಿ, ಅವರು ಮುಖ ಗಂಟಿಕ್ಕಿದರೂ ಸರಿಯೇ.

ಒರಟುತನದ ಮಾತು ಬೇರೆ. ಅದನ್ನು ಏರುವ, ಇಳಿಯುವ ಹೊತ್ತಿನಲ್ಲಿ, ಅಂದರೆ ಹತ್ತು ಸಾವಿರ ಅಡಿಗಿಂತ ಕೆಳಗೆ ಖಂಡಿತ ಎತ್ತಬೇಡಿ. ಎಂಜಿನ್ ನಿಂತು ಪ್ರಯಾಣಿಕರು ಇಳಿದ ಮೇಲೆ, ಕ್ಯಾಬಿನ್ ಸಿಬ್ಬಂದಿ ಎದುರಿಗಿಲ್ಲದಾಗ, ‘ಸರ್, ನಡುವೆ ತಡೆದರೆ ಎಲ್ಲಿ ನಿಲ್ಲಿಸಿದೆನೆಂಬುದೇ ತಪ್ಪಿಹೋಗುತ್ತದೆ’ ಎಂದು ಹೇಳಿ ನೋಡಿ. ಬಹಳ ಮಂದಿ ಕ್ಯಾಪ್ಟನ್‌ಗಳಿಗೆ ತಮ್ಮ ದನಿ ಪಕ್ಕದ ಸೀಟಿಗೆ ಹೇಗೆ ಕೇಳಿಸುತ್ತದೆಂಬ ಅರಿವೇ ಇರುವುದಿಲ್ಲ. ಹೇಳಿಯೂ ತಿದ್ದಿಕೊಳ್ಳದಿದ್ದರೆ ಸುರಕ್ಷತಾ ವಿಭಾಗಕ್ಕೆ ಬರೆಯಿರಿ. ಸ್ವಭಾವದ ವರ್ಣನೆ ಬೇಡ, ದಿನಾಂಕ, ಎತ್ತರ, ವೇಗ, ಆಡಿದ ಮಾತು ಇಷ್ಟೇ ಇರಲಿ.

ಮುಂದಿನ ಸಲ ಅವರೊಡನೆ ಹಾರುವಾಗ, ಹೊರಡುವ ಮೊದಲಿನ ಬ್ರೀಫಿಂಗ್‌ನಲ್ಲೇ ಕೇಳಿಬಿಡಿ: ‘ಸರ್, ಸಾವಿರ ಅಡಿಯಲ್ಲಿ ವಿಮಾನದ ವೇಗ, ಇಳಿಯುವ ದಾರಿ ಸ್ಥಿರವಾಗದಿದ್ದರೆ ನಾನು ಗೋ ಅರೌಂಡ್ ಎನ್ನುತ್ತೇನೆ. ಆಗ ನೀವು ಮೇಲೆತ್ತುತ್ತೀರಲ್ಲವೇ?’ ನೆಲದ ಮೇಲೆ ಆ ಪ್ರಶ್ನೆಗೆ ಇಲ್ಲವೆನ್ನುವ ಕ್ಯಾಪ್ಟನ್‌ನನ್ನು ನಾನು ಈವರೆಗೆ ಕಂಡಿಲ್ಲ.