ಟೆರೇಸಿನ ಮೇಲೊಂದು ಮಾಡು

ಪ್ರಿಯ ಓದುಗರೇ,

ಕಾರ್ಕಳದಿಂದ ನೀವು ಬರೆದ ಪತ್ರ ತಲುಪಿತು. ಪರಿಸರ ಸಂಚಿಕೆ ಅಂತ ಹೆಸರಿಟ್ಟು ಯಕ್ಷಗಾನ, ಹಂಚಿನ ಮನೆ, ಮಂಗಳೂರಿನ ಗೋಡೆಚಿತ್ರ ತುಂಬಿಸಿದ್ದೀರಿ, ಕಾಡು-ಹೊಳೆಯ ಸುದ್ದಿ ಎಲ್ಲಿ ಎಂದು ಕೇಳಿದ್ದೀರಿ. ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದ ನಮ್ಮನ್ನು ಚುಚ್ಚಿದ ಹಾಗಿದೆ ಎಂದೂ ಬೇಸರಪಟ್ಟಿದ್ದೀರಿ.

ಚುಚ್ಚಲಿಲ್ಲ ಮಾರಾಯ್ರೇ. ಆದರೆ ಒಂದು ಮಾತು, ಟೆರೇಸಿನ ಮೇಲೆ ಶೀಟ್ ಹಾಕಿಸಿದ್ದೀರಾ? ನಮ್ಮ ಕಡೆ ತುಂಬ ಜನ ಹಾಕಿಸುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸ್ಲ್ಯಾಬಿನಿಂದ ನೀರು ಜಿನುಗುತ್ತದೆ. ಆಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ಎರಡೂ ಕಡೆ ಇಳಿಜಾರು ಕೊಟ್ಟು, ತಗಡು ಹೊದಿಸುವುದು. ಬಿಟ್ಟ ಮಾಡು, ಅಂದರೆ ಇಳಿಜಾರು ಸೂರು, ವಾಪಸ್ ಬಂತು, ಅಲ್ವಾ? ಇಲ್ಲಿ ನಕ್ಷೆ ಬರೆಯುವವರು ಯಾರೇ ಆಗಲಿ, ತಿದ್ದುವುದು ಮಳೆ. 1430ರ ಮೂಡುಬಿದಿರೆ ಸಾವಿರ ಕಂಬದ ಬಸದಿಯನ್ನೇ ನೋಡಿ. ಕಲ್ಲಿನ ಚಪ್ಪಡಿಯನ್ನೂ ಇಳಿಜಾರಾಗಿಯೇ ಹೊದಿಸಿದ್ದಾರೆ.

ಯಕ್ಷಗಾನದ ಚೆಂಡೆಯ ಕಥೆಯೂ ಬೇರೆಯಲ್ಲ. ಹಲಸಿನ ಮರ ಕೊರೆದ ಕಳಸಿಗೆ, ಅಂದರೆ ಚೆಂಡೆಯ ಒಡಲು, ಅದಕ್ಕೆ ಬಿಗಿದ ಚರ್ಮ. ಗಾಳಿಯಲ್ಲಿ ತೇವ ಏರಿದರೆ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ. ಹಗ್ಗ ಎಳೆದು ಬಿಗಿ ಮಾಡಬೇಕು, ಬಿಸಿ ತಾಗಿಸಬೇಕು. ಬಯಲಾಟದ ಮೇಳಗಳು ಮೇ ಕೊನೆಯ ಹೊತ್ತಿಗೆ, ತುಳುನಾಡಿನಲ್ಲಿ ಆಟಗಳು ಮುಗಿಯುವ ದಿನವಾದ ಪತ್ತನಾಜೆಗೆ, ಗೆಜ್ಜೆ ಬಿಚ್ಚುತ್ತವೆ. ಮತ್ತೆ ಬಯಲಿಗೆ ಇಳಿಯುವುದು ಮಳೆ ಬಿಟ್ಟ ಮೇಲೆ. ನಡುವೆ ಚಿಕ್ಕಮೇಳದವರು, ಅಂದರೆ ಕೆಲವೇ ಕಲಾವಿದರ ಪುಟ್ಟ ತಂಡದವರು, ಮನೆ ಮನೆಗೆ ಬಂದು ಸೂರಿನಡಿ ಕುಣಿಯುತ್ತಾರೆ. ಈ ತಿರುಗಾಟದ ಲೆಕ್ಕ ಹಾಕಿದ್ದು ಯಾವ ಕಚೇರಿಯೂ ಅಲ್ಲ.

ಗೋಡೆಚಿತ್ರದ ವಿಷಯದಲ್ಲಿ ಮಾತ್ರ ನಾನು ಅರ್ಧ ನಿಮ್ಮ ಪರ. ಮಂಗಟ್ಟೆ ಹಕ್ಕಿ, ನವಿಲು ಬರೆದ ಮಾತ್ರಕ್ಕೆ ಪ್ಲಾಸ್ಟಿಕ್ ಪೇಂಟಿನ ಗೋಡೆ ಕಾಡಾಗುವುದಿಲ್ಲ. ಚಂದ ಕಾಣುತ್ತದೆ, ಅಷ್ಟೇ. ನನಗೆ ಜಾಸ್ತಿ ಇಷ್ಟವಾಗುವುದು ಎರಡು ಆಟಿ, ಅಂದರೆ ಜೋರು ಮಳೆಯ ತುಳು ತಿಂಗಳು, ಕಳೆದ ಮೇಲೆ ಅದರ ಮೇಲೆ ಹಬ್ಬಿದ ಪಾಚಿ. ನವಿಲಿನ ನೀಲಿ ಮಾಸಿ ಅಲ್ಲಲ್ಲಿ ನಿಜವಾದ ಹಸಿರು ಬಂದಿರುತ್ತದೆ. ನಾಗಾರಾಧನೆಗೆ ನೆಲದ ಮೇಲೆ ಬಣ್ಣದ ಪುಡಿಯಲ್ಲಿ ನಾಗಮಂಡಲ ಬರೆಯುವವರು ಈ ವಿಷಯದಲ್ಲಿ ಎಷ್ಟೋ ಮುಂದೆ. ಹಳದಿಗೆ ಅರಿಶಿನ, ಅದಕ್ಕೇ ಸುಣ್ಣ ಸೇರಿಸಿದರೆ ಕೆಂಪು, ಹಸಿರಿಗೆ ಎಲೆಯ ಪುಡಿ, ಕಪ್ಪಿಗೆ ಸುಟ್ಟ ಉಮಿ. ಗಂಟೆಗಟ್ಟಲೆ ಕೂತು ಬರೆದದ್ದನ್ನು ಆ ರಾತ್ರಿಯ ಕುಣಿತವೇ ಅಳಿಸುತ್ತದೆ. ಉಳಿದ ಪುಡಿ ಪ್ರಸಾದ.

ಹೊಳೆಯ ಸುದ್ದಿ ಕೇಳಿದಿರಿ. ಮುಂದಿನ ಸಂಚಿಕೆಯಲ್ಲಿ ನೇತ್ರಾವತಿ ಬಗ್ಗೆ ಲೇಖನ ಇದೆ. ಸಿಟ್ಟಾಗಬೇಡಿ, ಅದರಲ್ಲೂ ಹಂಚು ಬರುತ್ತದೆ. 1860ರ ದಶಕದಲ್ಲಿ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರು ಹಂಚು ಸುಟ್ಟದ್ದು ಹೊಳೆದಡದ ಜೇಡಿಮಣ್ಣಿನಲ್ಲೇ.

ಸಂಪಾದಕ